ಕವಲಿನ ಕಲ್ಲು

೧೯೧೦ ಮಾರ್ಚ್ ೨೭, ಭಾನುವಾರ. ಕುದಾಪುರದ ಅರವಟ್ಟಿಗೆ

ಮತ್ತೆ ಮೂವರೇ. ನಾನು, ಉಗ್ರಪ್ಪ, ಕೆಂಚಕ್ಕ. ಕಾಲುದಾರಿ ಕಮಿಟಿ ಶುರುವಾದ ದಿನ ಚಳ್ಳಕೆರೆಯಲ್ಲಿ ಕೈ ಎತ್ತಿದವರೇನು, ಜೈಕಾರವೇನು! ಇವತ್ತು ಒಬ್ಬನಿಗೆ ಹಲ್ಲುನೋವು, ಇನ್ನೊಬ್ಬನ ಮನೆಗೆ ನೆಂಟರು. ಸೆಕ್ರೆಟರಿ ಎಂಬ ಹೆಸರು ಹೊತ್ತ ನಾನು ಮಚ್ಚು ಹಿಡಿದು ಜಾಲಿ ಮುಳ್ಳು ಸವರುತ್ತಿದ್ದೇನೆ. ಅಂಗೈ ತುಂಬ ಬೊಬ್ಬೆ. ಹಾಳಾಗಿ ಹೋಗಲಿ, ಬಾರದವರನ್ನು ನೆನೆದು ಏನು ಬಂತು.

ದಾರಿ ಮಾತ್ರ ಚೆನ್ನಾಗಿ ಬಂದಿದೆ. ಚಳ್ಳಕೆರೆಯಿಂದ ಮೊಳಕಾಲ್ಮೂರಿಗೆ ಗಾಡಿರಸ್ತೆ ಸುತ್ತು. ಸರ್ಕಾರದ ದನ ಮೇಯುವ ವರವು ಕಾವಲಿನ ಹುಲ್ಲಿನೊಳಗೆ ಹಾಯ್ದರೆ ಅರ್ಧ ದಿನದ ನಡಿಗೆ ಉಳಿಯುತ್ತದೆ. ಆದರೆ ಅಲ್ಲಿ ಎತ್ತ ನೋಡಿದರೂ ಒಂದೇ ಹುಲ್ಲು, ದನದ ಜಾಡುಗಳು ನೂರು. ಅದಕ್ಕೇ ದಾರಿ ಒಡೆಯುವಲ್ಲೆಲ್ಲ ಸುಣ್ಣ ಬಳಿದ ಕಲ್ಲು ನೆಟ್ಟಿದ್ದೇವೆ. ಕಲ್ಲು ಯಾವ ಕಡೆಗಿದೆಯೋ ಆ ಕಡೆ ನಡೆ — ಅಷ್ಟೇ ರೂಲು. ಅಕ್ಷರ ಬರದವನಿಗೂ ಗೊತ್ತಾಗಬೇಕು.

ಮಧ್ಯಾಹ್ನ ಸೇರ್ವೇಗಾರರು ಕುದುರೆಯ ಮೇಲೆ ಬಂದರು. ಕಾವಲಿನ ಅಮೃತಮಹಲ್ ದನಗಳೆಲ್ಲ ಅವರ ಕೈಕೆಳಗೆ. ಇಳಿಯದೆಯೇ ಮಾತು.

"ನೋಡ್ರಿ ಮುರುಗೇಂದ್ರಪ್ಪನೋರೆ, ಈ ಬೇಸಿಗೆ ಮಟ್ಟಿಗೆ ಬಿಟ್ಟೀನಿ. ಬೇಲಿಗೀಲಿ ಹಾಕಿ ದನಕ್ಕೆ ಅಡ್ಡ ಮಾಡಂಗಿಲ್ಲ. ಒಬ್ಬರಿಗೆ ಏನಾದ್ರೂ ಆತೋ, ದಾರಿ ಅವತ್ತೇ ಬಂದ್."

ಆಗಲಿ ಎಂದೆ. ಹಲ್ಲು ಕಚ್ಚಿಕೊಂಡು.

ಏಪ್ರಿಲ್ ೧, ಶುಕ್ರವಾರ

ಕೋಪ ಬಂದಿದೆ, ನಗುವೂ ಬರುತ್ತಿದೆ. ಕಾವಲಿನ ನಡುವಿನ ದೊಡ್ಡ ಕವಲಿನಲ್ಲಿ ಯಾರೋ ನಮ್ಮ ಕಲ್ಲಿಗೆ ಕುಂಕುಮ ಹಚ್ಚಿದ್ದಾರೆ! ಬುಡದಲ್ಲಿ ತೆಂಗಿನಕಾಯಿಯ ಚೂರು, ಎಕ್ಕದ ಹೂವು. ಒರೆಸಹೋದೆ. ಕೆಂಚಕ್ಕ ಕೈ ಹಿಡಿದಳು.

"ಬ್ಯಾಡ ಸಾವ್ಕಾರ್ರೆ. ದಾರಿ ತೋರ್ಸೋನು ದೇವ್ರಲ್ದೆ ಇನ್ಯಾರು?"

"ನಾನು ಕಣಮ್ಮ! ನಾನು, ಈ ಉಗ್ರ! ಸುಣ್ಣ ಬಳಿದೋರು ನಾವು!"

"ಬಳಿದಿದ್ದು ನೀವು. ನಿಂತಿರೋದು ಅವನು."

ನಕ್ಕುಬಿಟ್ಟೆ. ನನ್ನ ಸಿಡುಕಿಗೆ ಹೆದರಿ ಎಷ್ಟೋ ಜನ ಕಮಿಟಿ ಬಿಟ್ಟರು, ಇವಳೊಬ್ಬಳು ಬಿಡಲಿಲ್ಲ. ಬೆಳಗಾಗುವ ಮೊದಲೇ ಬಾವಿಯಿಂದ ನೀರು ಹೊತ್ತು ತಂದು ಅರವಟ್ಟಿಗೆಯ ಗಡಿಗೆ ತುಂಬಿರುತ್ತಾಳೆ. "ನಾಯಕರ ಹೆಂಗಸಿನ ಕೈ ನೀರು ನಮ್ಮೋರು ಕುಡೀತಾರೇನೋ?" ಎಂದು ಅಪ್ಪಯ್ಯ ಕೇಳಿದ್ದರು. ಆ ಬಿಸಿಲಿನಲ್ಲಿ ಕೈ ಯಾರದೆಂದು ಕೇಳಿದವನನ್ನು ನಾನಂತೂ ಕಂಡಿಲ್ಲ.

ಇವತ್ತು ಅವಳದು ಒಂದೇ ಮಾತು. ಮಗಳು ಚಿನ್ನಕ್ಕನನ್ನು ಮೊಳಕಾಲ್ಮೂರು ಸೀಮೆಗೆ ಕೊಟ್ಟಿದ್ದಾಳೆ. ಚೊಚ್ಚಲ ಬಸುರಿ. ಯುಗಾದಿ ಕಳೆದ ಮೇಲೆ ಹೆರಿಗೆಗೆ ಬರುತ್ತಾಳೆ. ಗಾಡಿಯಲ್ಲಿ ಬರಲಿ ಎಂದೆ.

"ಗಾಡಿ ಯಾಕೆ? ಕುಲುಕಿ ಕುಲುಕಿ ಹೆರಿಗೆ ಅಲ್ಲೇ ಆದಾತು. ಅಳಿಯ ಜೊತೆಗಿರ್ತಾನೆ, ನಮ್ಮ ದಾರಿ ಐತೆ. ತಂಪೊತ್ತಿನಾಗೆ ನಿಧಾನಕ್ಕೆ ನಡ್ಕಂಡು ಬರ್ಲಿ."

ನಮ್ಮ ದಾರಿ ಅಂದಳು. ಒಳಗೊಳಗೇ ಖುಷಿಯಾಯಿತು.

ಏಪ್ರಿಲ್ ೧೩, ಬುಧವಾರ. ಸಂಜೆ

ಎಣ್ಣೆ ಪಂಜು ಕಟ್ಟುವುದರಲ್ಲಿ ಉಗ್ರಪ್ಪ ಇದ್ದಾನೆ, ಅಷ್ಟರಲ್ಲಿ ಬರೆಯುತ್ತೇನೆ.

ಹಬ್ಬ ಮುಗಿಸಿ ಚಳ್ಳಕೆರೆಯಿಂದ ಈಗ ಹೊತ್ತಿಳಿದ ಮೇಲಷ್ಟೇ ಬಂದೆ. ಚಪ್ಪಲಿ ಬಿಟ್ಟಿರಲಿಲ್ಲ — ಕಾವಲಿನ ಕಡೆಯಿಂದ ಒಬ್ಬ ಓಡುತ್ತ ಬಂದ. ಬಂದವನೇ ಬಿದ್ದ. ತುಟಿ ಒಡೆದು ರಕ್ತ. "ನೀಳ್ಳು… ನೀಳ್ಳು…" ತೆಲುಗಿನಲ್ಲಿ ನೀರು ಕೇಳುತ್ತಿದ್ದಾನೆ. ಕೆಂಚಕ್ಕ ಚೊಂಬು ಹಿಡಿದು ಬಂದವಳು ಮುಖ ನೋಡಿ ಚೀರಿದಳು.

ಅವಳ ಅಳಿಯ, ಮುದ್ದಪ್ಪ.

"ಎಲ್ಲೋ ನನ್ನ ಮಗಳು?"

ದಾರಿ ತಪ್ಪಿದರಂತೆ. ನಡೆದಷ್ಟೂ ಹುಲ್ಲೇ, ಅರವಟ್ಟಿಗೆ ಸಿಗಲೇ ಇಲ್ಲ. ತಂದಿದ್ದ ನೀರು ಮುಗಿಯಿತು. ಚಿನ್ನಕ್ಕನಿಗೆ ಹೊಟ್ಟೆನೋವು ಶುರುವಾಯಿತು. ಒಂದು ಕಾರೆ ಗಿಡದ ಕೆಳಗೆ ಅವಳನ್ನು ಕೂರಿಸಿ ನೀರು ಹುಡುಕಿ ಹೊರಟ. ಈಗ ಆ ಗಿಡ ಎಲ್ಲೆಂದು ಅವನಿಗೇ ತಿಳಿಯದು. ಕಾವಲಿನಲ್ಲಿ ಕಾರೆ ಗಿಡವೆಂದರೆ… ಶಿವನೇ, ಅಲ್ಲಿರುವುದೆಲ್ಲ ಅದೇ.

ಕೆಂಚಕ್ಕ ಎದೆ ಎದೆ ಬಡಿದುಕೊಳ್ಳುತ್ತಿದ್ದಾಳೆ. ಹೊರಟೆ.

ಏಪ್ರಿಲ್ ೧೪, ಗುರುವಾರ

ಸಿಕ್ಕಳು. ಜೀವ ಇದೆ. ಮಗು ಇಲ್ಲ.

ಬೆಳಕು ಹರಿಯುವ ಹೊತ್ತಿಗೆ ಉಗ್ರಪ್ಪ ಕಂಡ. ದನ ನೀರು ಕುಡಿಯುವ ಕುಂಟೆ, ಈಗ ಒಣಗಿದೆ, ಅದರ ಪಕ್ಕದಲ್ಲಿದ್ದಳು. ಹಸಿ ಇರಬಹುದೆಂದು ಅಲ್ಲಿಯವರೆಗೂ ತೆವಳಿದ್ದಾಳೆ. ಅಲ್ಲೇ ಹೆತ್ತಿದ್ದಾಳೆ, ಒಬ್ಬಳೇ. ಮಗುವನ್ನು ಸೆರಗಿನಲ್ಲಿ ಸುತ್ತಿ ಎದೆಗೆ ಒತ್ತಿ ಹಿಡಿದಿದ್ದಳು. ಗಂಡುಮಗು. ಬಿಡಿಸಿಕೊಳ್ಳಲು ನಮ್ಮ ಕೈಯಲ್ಲಿ ಆಗಲಿಲ್ಲ, ಕೆಂಚಕ್ಕನೇ ಬರಬೇಕಾಯಿತು. ಕಂಬಳಿಯ ಜೋಲಿ ಕಟ್ಟಿ ಹೊತ್ತು ತಂದೆವು.

ಇನ್ನೊಂದು ಬರೆಯಬೇಕು. ಬೇಡ ಎನಿಸುತ್ತದೆ. ಬರೆಯದೆ ಎಲ್ಲಿ ಇಟ್ಟುಕೊಳ್ಳಲಿ.

ಹುಡುಕುವಾಗ ಮುದ್ದಪ್ಪನನ್ನು ಕೇಳಿದ್ದೆ — ಕಲ್ಲು ನೋಡಲಿಲ್ಲವೇನೋ ಎಂದು. ಗದರಿಯೇ ಕೇಳಿದ್ದೆ.

"ನೋಡಿದ್ವಿ ಸಾಮಿ. ಬೇವಿನ ಮರದ ಕೆಳಗೆ, ಕುಂಕುಮ ಹಚ್ಚಿತ್ತು. ಇವಳು ಕೈ ಮುಗಿದ್ಲು. ಕಲ್ಲು ಇದ್ದ ಕಡೆಗೇ ನಡೆದ್ವಿ."

ಬೇವಿನ ಮರದ ಕೆಳಗೆ? ನಾನು ನೆಟ್ಟದ್ದು ಬಟ್ಟಬಯಲಿನಲ್ಲಿ, ಮೊಳಕಾಲ್ಮೂರಿನಿಂದ ಬರುವವರ ಬಲದ ದಾರಿಗೆ. ಬೇವು ಇರುವುದು ಎಡಕ್ಕೆ, ಕುಂಟೆಗೆ ಹೋಗುವ ದನದ ಜಾಡಿನಲ್ಲಿ. ಓಡಿಹೋಗಿ ನೋಡಿದೆ. ಬಯಲಿನಲ್ಲಿ ಬರೀ ಗುಂಡಿ. ಕಲ್ಲು ಬೇವಿನ ನೆರಳಿನಲ್ಲಿ ತಣ್ಣಗೆ ನಿಂತಿದೆ, ಮೈತುಂಬ ಅರಿಶಿನ, ಬೇವಿನ ಸೊಪ್ಪಿನ ಹಾರ.

ಉಗ್ರಪ್ಪನ ರಟ್ಟೆ ಹಿಡಿದೆ. "ಯಾವ ನನ್ಮಗನೋ ಇದನ್ನ ಕಿತ್ತಿದ್ದು?"

ಅವನು ಅತ್ತೇಬಿಟ್ಟ. "ಯುಗಾದಿ ದಿನ ಕೆಂಚಕ್ಕ ಬಂದ್ಲು ಸಾವ್ಕಾರ್ರೆ. ಇಂಥಾ ಉರಿ ಬಿಸಿಲಾಗೆ ದೇವ್ರನ್ನ ನಿಲ್ಸಿ ನಾವು ನೆಳ್ಳಾಗೆ ಕುಂದ್ರೋದಾ ಅಂದ್ಲು. ನಾನೇ ಹಾರೆ ಹಾಕಿ ಎತ್ತಿ ಕೊಟ್ಟೆ."

ಕೆಂಚಕ್ಕನಂತೆ ದಾರಿ ಬಲ್ಲವರು ಗುರುತಿಗೆಂದು ಕಲ್ಲು ನೋಡುವುದಿಲ್ಲ. ಅವಳಿಗೆ ಅದು ಗುರುತಲ್ಲ, ದೇವರು. ಬಿಸಿಲಿನಲ್ಲಿ ಬೇಯುತ್ತಿದ್ದ ದೇವರು. ಎಡ ಬಲ ಅವಳ ತಲೆಗೇ ಹೋಗಿಲ್ಲ. ಈಗಲೂ ಹೋದಂತಿಲ್ಲ.

"ಬಾಯಿ ಬಿಟ್ಟೀಯಾ ಲೇ, ಹುಷಾರ್" ಎಂದೆ. ತಲೆ ಅಲ್ಲಾಡಿಸಿದ.

ಏಪ್ರಿಲ್ ೧೮, ಸೋಮವಾರ

ಚಿನ್ನಕ್ಕ ಗಂಜಿ ಕುಡಿದಳು. ಮಾತಿಲ್ಲ.

ಕೆಂಚಕ್ಕ ಹೇಳುವುದು ಒಂದೇ. "ಮಗು ಹೋತು. ಮಗಳನ್ನಾದ್ರೂ ಉಳಿಸಿಕೊಟ್ನಲ್ಲ ಆ ಕಲ್ಲಪ್ಪ. ಅವನಿಗೊಂದು ಕಟ್ಟೆ ಕಟ್ಟಿಸ್ತೀನಿ ಅಂತ ಹರಕೆ ಹೊತ್ತೀನಿ ಸಾವ್ಕಾರ್ರೆ."

ಎಂಥೆಂಥವರಿಗೋ ಮುಖಕ್ಕೆ ಹೊಡೆದಂತೆ ಮಾತಾಡಿದವನು ನಾನು. ತಲೆಯಾಡಿಸಿ ಹೊರಗೆ ಬಂದೆ.

ಇಡೀ ಹಟ್ಟಿ ಕಟ್ಟೆ ಕೆಲಸಕ್ಕೆ ಇಳಿದಿದೆ! ಮುಳ್ಳು ಸವರಲು ಬನ್ನಿರೋ ಎಂದರೆ ಬಾರದ ಜನ, ತಲೆಯ ಮೇಲೆ ಕಲ್ಲು ಹೊತ್ತು ಬರುತ್ತಿದ್ದಾರೆ. ಹಲ್ಲುನೋವಿನವನೂ ಬಂದಿದ್ದಾನೆ. ಕಲ್ಲು ಹಳೆಯ ಜಾಗಕ್ಕೆ ಹೋಗಬೇಕು ಎಂದು ಮೆಲ್ಲಗೆ ತೆಗೆದೆ. ಹಟ್ಟಿಯ ಯಜಮಾನ ದೊಡ್ಡಪಾಲಯ್ಯ ಹಾರೆಯನ್ನು ನೆಲಕ್ಕೆ ಊರಿದ.

"ಪೂಜೆಗೆ ಕುಂತ ದೇವ್ರನ್ನ ಎಬ್ಬಿಸ್ತಾರೇನ್ರಿ? ಊರು ಉಳಿದೀತಾ? ಬೇರೆ ಕಲ್ಲು ನೆಟ್ಕಳ್ರಿ."

ಎರಡು ಕಲ್ಲು ಕಂಡ ಪರವೂರಿನವನು ಯಾವುದನ್ನು ನಂಬಬೇಕು? ದನದ ಜಾಡಿಗೆ ಮುಳ್ಳು ಹಾಕುವಂತಿಲ್ಲ. ಇನ್ನೂ ಒತ್ತಿ ಹೇಳಿದರೆ ಯಾಕೆ ಎಂದು ಕೆಂಚಕ್ಕ ಕೇಳುತ್ತಾಳೆ. ಆಗ ಏನು ಹೇಳಲಿ? ಸದ್ಯಕ್ಕೆ ಕವಲಿನಲ್ಲಿ ಉಗ್ರಪ್ಪನನ್ನು ನಿಲ್ಲಿಸಿದ್ದೇನೆ.

ಏಪ್ರಿಲ್ ೨೦, ಬುಧವಾರ

ಸೇರ್ವೇಗಾರರು ಬಂದರು. ಸುದ್ದಿ ಮುಟ್ಟಿದೆ. ಕಟ್ಟೆಯ ಮುಂದೆಯೇ ಕುದುರೆ ನಿಲ್ಲಿಸಿದರು. ಸುತ್ತ ಜನ. ಕೆಂಚಕ್ಕ ಮಣ್ಣಿನ ಪುಟ್ಟಿ ಹೊತ್ತು ನಿಂತಿದ್ದಳು.

"ಈ ಗುರುತಿನ ಕಲ್ಲು ಬಲಕ್ಕಿತ್ತಲ್ಲ? ಎಡಕ್ಕೆ ಬಂದರೆ ಜನ ಕುಂಟೆ ಕಡೆ ಹೋಗದೆ ಇನ್ನೆಲ್ಲಿ ಹೋಗ್ತಾರೆ? ಯಾರ್ರೀ ಸರಿಸಿದ್ದು?"

ತಡೆಯಲು ಆಗಲಿಲ್ಲ, ಆಡಿಬಿಟ್ಟರು. ಎಲ್ಲರ ಮುಂದೆ.

"ನಾನೇ" ಎಂದೆ. ಎಷ್ಟು ಜೋರಾಗಿ ಎಂದರೆ ಕುದುರೆ ಬೆದರಿತು. "ನಾನೇ ಸರಿಸಿದ್ದು. ನಂದೇ ತಪ್ಪು."

ಶುಕ್ರವಾರದೊಳಗೆ ಸರಿಮಾಡದಿದ್ದರೆ ದಾರಿ ಬಂದ್ ಎಂದು ಹೇಳಿ ಹೋದರು.

ಕೆಂಚಕ್ಕ ನನ್ನನ್ನು ನೋಡಲಿಲ್ಲ. ಕಲ್ಲನ್ನು ನೋಡಿದಳು. ಬಯಲಿನ ಗುಂಡಿಯ ಕಡೆ ತಿರುಗಿದಳು. ಆಮೇಲೆ ಎಡದ ಜಾಡನ್ನು, ಅದು ಹುಲ್ಲಿನೊಳಗೆ ಹೋಗುವವರೆಗೂ ನೋಡಿದಳು. ಪುಟ್ಟಿಯನ್ನು ಮೆಲ್ಲಗೆ ಕೆಳಗಿಟ್ಟು ಮನೆಗೆ ಹೋದಳು. ಕರೆದೆ. ತಿರುಗಲಿಲ್ಲ.

ಏಪ್ರಿಲ್ ೨೨, ಶುಕ್ರವಾರ

ಅರವಟ್ಟಿಗೆಯಲ್ಲಿ ಕೆಂಚಕ್ಕ ಇಲ್ಲ. ಗಡಿಗೆಗಳು ತುಂಬಿವೆ, ಬಟ್ಟೆ ಮುಚ್ಚಿದೆ. ನೀರು ಕೊಡಲು ಚಿನ್ನಕ್ಕ ಕೂತಿದ್ದಾಳೆ. ಅವ್ವ ಎಲ್ಲಿ ಎಂದೆ. ಮೊದಲ ಸಲ ಬಾಯಿ ಬಿಟ್ಟಳು. "ಕವಲಿನಾಗೆ."

ಹೋದೆ. ಉಗ್ರಪ್ಪನನ್ನು ಕಳಿಸಿಬಿಟ್ಟಿದ್ದಾಳೆ. ಹಳೆಯ ಗುಂಡಿಗೆ ಮಣ್ಣು ತುಂಬಿ ತುಳಿದಿದ್ದಾಳೆ. ಅದರ ಮೇಲೆ ತಾನೇ ನಿಂತಿದ್ದಾಳೆ, ಬಟ್ಟಬಯಲಿನಲ್ಲಿ. ತಲೆಗೆ ಸೆರಗೂ ಇಲ್ಲ. ಮೊಳಕಾಲ್ಮೂರಿನ ಕಡೆಯಿಂದ ಇಬ್ಬರು ಬಂದರು, ಕೈ ಚಾಚಿ ಬಲಕ್ಕೆ ತೋರಿಸಿದಳು. ಅವರು ಹೋದರು. ಕೈ ಇಳಿಸಿದಳು. ಮತ್ತೆ ನಿಂತಳು.

"ಕೆಂಚಕ್ಕ, ಸತ್ತೋಗ್ತೀಯ ಈ ಬಿಸಿಲಿಗೆ. ನೆರಳಿಗೆ ಬಾ. ಇನ್ನೊಬ್ಬರನ್ನ ನಿಲ್ಲಿಸೋಣ."

"ನೀವು ಹೋಗ್ರಿ ಸಾವ್ಕಾರ್ರೆ. ಜನ ಬರೋ ಹೊತ್ತು."

ಬೈದೆ. ಬೇಡಿಕೊಂಡೆ. ಕೈ ಹಿಡಿದು ಎಳೆದೆ, ಕದಲಲಿಲ್ಲ. ಕೊನೆಗೆ ನನ್ನ ಛತ್ರಿ ಬಿಚ್ಚಿ ಅವಳ ತಲೆಯ ಮೇಲೆ ಹಿಡಿದೆ. ಅದನ್ನು ಮೆಲ್ಲಗೆ ಪಕ್ಕಕ್ಕೆ ಸರಿಸಿ, "ಅವನೂ ಬಿಸಿಲಾಗೇ ನಿಂತಿದ್ನಲ್ಲ ಸಾವ್ಕಾರ್ರೆ" ಎಂದಳು, ಮತ್ತೆ ಮೊಳಕಾಲ್ಮೂರಿನ ಕಡೆ ಮುಖ ಮಾಡಿ ನಿಂತಳು.