ಕಾರಿಡಾರಿಗೆ ಹೋದ ಎರಡು ಕಾರ್ಬನ್

ಗೆಳತಿ,

ನಿನ್ನ ವಿಳಾಸ ನನ್ನಲ್ಲಿಲ್ಲ, ಈ ಪತ್ರ ನಿನ್ನನ್ನು ತಲುಪುವುದೂ ಇಲ್ಲ. ಆದರೂ ಸಿಟ್ಟು ಇಳಿಯದೆ ಬರೆಯುತ್ತಿದ್ದೇನೆ.

ಇಂದು ಜೀವರಸಾಯನದ ತರಗತಿಯಲ್ಲಿ ನಿನ್ನ ವಿಧಾನವನ್ನೇ ಅನುಸರಿಸಿದೆ. ಆರು ವಿದ್ಯಾರ್ಥಿಗಳು ಕಾರ್ಬನ್ ಪರಮಾಣುಗಳಾಗಿ ಕೈಕೈ ಹಿಡಿದು ಸಿಟ್ರಿಕ್ ಆಮ್ಲವಾದರು. ಜೀವಕೋಶದಲ್ಲಿ ಆಹಾರವನ್ನು ಶಕ್ತಿಯಾಗಿಸುವ ಸಿಟ್ರಿಕ್ ಆಮ್ಲ ಚಕ್ರ ಮುಂದುವರಿದಂತೆ ಇಬ್ಬರು ಕಳಚಿಕೊಂಡು ಹೊರನಡೆದರು. ಕಾರಿಡಾರಿನಲ್ಲಿ ವಿಭಾಗದ ಮುಖ್ಯಸ್ಥರು ಅವರನ್ನು ತಡೆದರು.

“ಪಾಠ ಬಿಟ್ಟು ಎಲ್ಲಿಗಪ್ಪಾ ಸವಾರಿ?”

“ನಾವು ಕಾರ್ಬನ್ ಡೈಆಕ್ಸೈಡ್ ಸರ್. ಉಸಿರಲ್ಲಿ ಹೊರಗೆ ಬಂದ್ವಿ.”

ಮುಖ್ಯಸ್ಥರು ಒಳಗೆ ಬಂದು ಎಲ್ಲರೆದುರೇ ನನ್ನನ್ನು ಕೇಳಿದರು: “ಏನ್ ಮೇಷ್ಟ್ರೇ, ತಲೆ ನರೆತ ಮೇಲೆ ಮಕ್ಕಳಾಟನಾ? ನಾಳೆಯಿಂದ ಬೋರ್ಡ್ ಮೇಲೆ ಬರೀರಿ, ಅವರು ಬಾಯಿಪಾಠ ಮಾಡ್ಲಿ.”

ಎರಡು ಸಲ ನಪಾಸಾದ ಹುಡುಗಿಯೊಬ್ಬಳು ಆಗಷ್ಟೇ ಇಡೀ ಚಕ್ರವನ್ನು ಪುಸ್ತಕ ನೋಡದೆ ವಿವರಿಸಿದ್ದಳು. ಅವಳು ತಲೆ ತಗ್ಗಿಸಿದ್ದನ್ನು ಕಂಡು ನನ್ನ ಮೈಯೆಲ್ಲ ಉರಿಯಿತು.

“ಬಾಯಿಪಾಠ ಮಾಡಿದ್ದಕ್ಕೇ ಸರ್ ಇವಳು ಎರಡು ಸಲ ಫೇಲಾಗಿದ್ದು. ನಾನು ನಿಲ್ಲಿಸಲ್ಲ,” ಎಂದೆ.

ಅವರು ಹೋದ ಮೇಲೆ ಅವಳು ಕೇಳಿದಳು: “ಈ ಥರ ಪಾಠ ಮಾಡೋದನ್ನ ನಿಮಗೆ ಯಾರು ಹೇಳ್ಕೊಟ್ರು ಸರ್?”

ನಿನ್ನ ಹೆಸರು ಹೇಳಿದೆ. ನೀನು ರಾಜೀನಾಮೆ ಬರೆದ ದಿನ, ಇದೇ ಮುಖ್ಯಸ್ಥರು ಸಭೆಯಲ್ಲಿ ನಿನ್ನನ್ನು ಹೀಗೆಯೇ ಹಂಗಿಸುತ್ತಿದ್ದಾಗ, ಪಕ್ಕದ ಕುರ್ಚಿಯಲ್ಲಿ ತುಟಿ ಪಿಟಕ್ಕೆನ್ನದೆ ಕುಳಿತಿದ್ದವನು ಯಾರೆಂದು ಮಾತ್ರ ಅವಳಿಗೆ ಹೇಳಲಿಲ್ಲ.