ಆಡೂರಿನ ಅಡಿವೆವ್ವ ಒಲ್ಲೆ ಎಂದಿರಲಿಲ್ಲ

ಶಿಗ್ಗಾಂವಿ
೬ ಅಕ್ಟೋಬರ್ ೧೯೮೩, ಗುರುವಾರ

ಪೂಜ್ಯ ತುಳಸಾಬಾಯಿ ಅಕ್ಕೋರಿಗೆ,

ನಿಮ್ಮ ಎರಡೂ ಪಾದಗಳಿಗೆ, ಮುರಿದ ಎಡಗಾಲಿಗೆ ಮಾತ್ರ ಸ್ವಲ್ಪ ಮೆಲ್ಲಗೆ, ಶಾರವ್ವನ ನಮಸ್ಕಾರಗಳು.

ನಿಮ್ಮ ಕಾಗದ ಮೊನ್ನೆ ಬಂತು. ಗೋಡೆ ಹಿಡಿದು ನಾಲ್ಕು ಹೆಜ್ಜೆ ನಡೆಯುತ್ತಿದ್ದೀರಿ ಎಂದು ಓದಿ ಅವ್ವನಿಗೂ ಹೇಳಿದೆ. ಹಿರೇಕೆರೂರಿನ ತಮ್ಮನವರ ಮನೆಯಲ್ಲಿ ಎದ್ದ ಕೂಡಲೇ ಸ್ನಾನ, ಮಡಿ, ಪೂಜೆ ಎಲ್ಲ ಮುಗಿದು ಎಂಟು ಗಂಟೆಗೇ ಕೈ ಖಾಲಿಯಾಗುತ್ತದೆ ಎಂದು ಬರೆದಿದ್ದೀರಿ. ಇಲ್ಲಿದ್ದಾಗ ಹನ್ನೊಂದು ನಾಯಿಗಳಿಗೆ ನುಚ್ಚು ಹಾಕಿ, ಹುಣ್ಣಿಗೆ ಅರಿಷಿಣದ ಎಣ್ಣೆ ಹಚ್ಚಿ, ಆಮೇಲೆ ನೀವು ಸ್ನಾನಕ್ಕೆ ಹೋಗುತ್ತಿದ್ದಿರಿ. ನಿಮ್ಮ ದೇವರು ಹತ್ತು ಗಂಟೆಯವರೆಗೂ ಕಾಯ್ದುಕೊಂಡು ಕೂರುತ್ತಿದ್ದ. ಅಲ್ಲಿ ಅವನಿಗೆ ಆರಾಮ ಇರಬೇಕು.

ಅದೇ ಕಾಗದದಲ್ಲಿ ಇನ್ನೊಂದು ಮಾತು ಬರೆದಿದ್ದೀರಿ. ದಸರೆ ಮುಗಿದ ಮೇಲಿನ ಭಾನುವಾರ ನಿಮ್ಮ ತಮ್ಮ ಮಧ್ವೇಶರಾಯರು ಜೀಪು ಕಳಿಸಿ, ಉಳಿದೊಂದು ನಾಯಿ ಮೂಲಿಯನ್ನು ತಮ್ಮ ಗೆಳೆಯರ ಬಂಗಲೆಗೆ ಒಯ್ಯುತ್ತಾರೆ, ಅಲ್ಲಿಯ ಕಾವಲುಗಾರ ನೋಡಿಕೊಳ್ಳುತ್ತಾನೆ, ಆಡೂರಿನ ಮುದುಕಿಯೂ ಒಲ್ಲೆ ಎಂದ ಮೇಲೆ ಇನ್ನೆಷ್ಟು ದಿನ ಕಾಯುವುದು ಎಂದು.

ಅಕ್ಕೋರೇ, ಜೀಪು ಕಳಿಸಬೇಡಿರಿ. ಆಡೂರಿನ ಅಡಿವೆವ್ವ ಒಲ್ಲೆ ಎಂದಿರಲಿಲ್ಲ. ಆಷಾಢದಲ್ಲಿ ನಾನು ನಿಮಗೆ ಬರೆದ ಕಾರ್ಡು ಸುಳ್ಳು.

ಇದಿಷ್ಟನ್ನೇ ಬರೆದು ಮುಗಿಸಿದರೆ ಯಾಕೆ ಎಂದು ನೀವು ಕೇಳುತ್ತೀರಿ. ಅದಕ್ಕೆ ಮೊದಲಿನಿಂದ ಬರೆಯುತ್ತೇನೆ. ನಿಮಗೆ ಗೊತ್ತಿದ್ದದ್ದೂ ನಡುವೆ ಬರುತ್ತದೆ, ಬೇಸರ ಮಾಡಿಕೊಳ್ಳಬೇಡಿರಿ.

ವೈಶಾಖದಲ್ಲಿ ನೀವು ಮೆಟ್ಟಿಲ ಮೇಲಿಂದ ಬಿದ್ದಾಗ, ಕೊಂಡವಾಡವನ್ನು ಶ್ರಾವಣದೊಳಗೆ ಬಿಟ್ಟುಕೊಡಬೇಕೆಂದು ಪುರಸಭೆಯವರು ಆಗಲೇ ಹೇಳಿ ಕಳಿಸಿದ್ದರು. ಒಂದು ಕಾಲಕ್ಕೆ ತುಡುಗು ದನ ಕಟ್ಟುತ್ತಿದ್ದ ಆ ಹಾಳು ಜಾಗದಲ್ಲಿ ನೀವು ಆರು ವರ್ಷ ಕುಂಟ ನಾಯಿ, ಕಜ್ಜಿ ನಾಯಿ, ಯಾರಿಗೂ ಬೇಡವಾದ ನಾಯಿಗಳನ್ನು ಸಾಕಿದಿರಿ. ಹತ್ತಕ್ಕೆ ಮನೆ ಸಿಕ್ಕಿತು. ಮೂಲಿ ಉಳಿದಳು. ನಿಮ್ಮನ್ನು ಕರೆದೊಯ್ಯುವ ದಿನ ಮಂಚದ ಮೇಲಿಂದಲೇ ನನ್ನ ಕೈ ಹಿಡಿದು ಹೇಳಿದಿರಿ: "ಮೂಲಿನ ಮಾತ್ರ ಅವಸರದಾಗ ಕೊಡಬ್ಯಾಡ ಶಾರಿ. ನಾಯಿ ಸಾಕಿ ಗೊತ್ತಿದ್ದವರ ಮನೀನ ಬೇಕು ಆಕಿಗೆ."

ಒಂಬತ್ತನೆಯ ಇಯತ್ತೆಯನ್ನು ಅರ್ಧಕ್ಕೆ ಬಿಟ್ಟು ಬಂದ, ಬೆಂಚಿನ ಮೇಲೆ ಒಂದು ತಾಸು ಕೂರಲಾರದ ಹುಡುಗಿಯನ್ನು ನಂಬಿ ಹೋದಿರಿ. ಈಕಿ ಕಾಲಾಗ ಚಕ್ರ ಅದ, ಬಾಯಾಗ ಸುಳ್ಳಿಲ್ಲ ಎಂದು ಬಂದವರ ಮುಂದೆಲ್ಲ ಹೇಳುತ್ತಿದ್ದಿರಿ. ಆ ಮಾತನ್ನು ನಾನು ಒಡವೆಯ ಹಾಗೆ ತೊಟ್ಟುಕೊಂಡು ತಿರುಗಿದೆ.

ಮೊದಲು ತಡಸಕ್ಕೆ ಹೋದೆ. ಹಿಟ್ಟಿನ ಗಿರಣಿ ನಡೆಸುವ ಪರಮೇಶಪ್ಪನಿಗೆ ನಾಯಿ ಬೇಕಾಗಿತ್ತು. ನಾನು ಇದ್ದದ್ದನ್ನೆಲ್ಲ ಹೇಳಿದೆ. ಹೊಸಬರು ಬಂದರೆ ಬೊಗಳುವುದಿಲ್ಲ, ಮೂಲೆ ಸೇರುತ್ತದೆ, ಅದಕ್ಕೇ ಮೂಲಿ ಎಂದು ಹೆಸರು. ಕಸಬರಿಗೆ ಎತ್ತಿದರೆ ನಿಂತಲ್ಲೇ ಉಚ್ಚೆ ಹೊಯ್ಯುತ್ತದೆ. ಯಾರಾದರೂ ನೋಡುತ್ತಿದ್ದರೆ ನೀರು ಸಹ ಕುಡಿಯುವುದಿಲ್ಲ. ನನ್ನನ್ನು ಬಿಟ್ಟು ಯಾರ ಹತ್ತಿರವೂ ಹೋಗುವುದಿಲ್ಲ. ಅವರು ಹಿಟ್ಟಿನ ಕೈ ಕೊಡವಿಕೊಂಡು, "ಹಂಗಾರ ಕಳ್ಳ ಬಂದ್ರ ನಾನ ಬೊಗಳಬೇಕೇನವಾ?" ಅಂದರು. ಗಿರಣಿಯಲ್ಲಿದ್ದವರೆಲ್ಲ ನಕ್ಕರು. ನನಗೂ ನಗು ಬಂತು.

ಸವಣೂರಿನಲ್ಲಿ ಎಲೆತೋಟದ ಫಕ್ರುಸಾಬರ ಮನೆಯಲ್ಲೂ ಅದನ್ನೇ ಹೇಳಿದೆ. ಅವರ ಹೆಂಡತಿ ಚಮನಬಿ ಚಹಾ ಕೊಟ್ಟು ಎಲ್ಲ ಕೇಳಿಸಿಕೊಂಡರು. ಮನೆಯಲ್ಲಿ ಎಂಟು ಮಕ್ಕಳಿದ್ದಾರೆ, ಇವುಗಳ ಕೈಗೆ ಸಿಕ್ಕರೆ ಆ ಮೂಕಪ್ರಾಣಿ ಎದೆ ಒಡೆದು ಸಾಯುತ್ತದೆ ಎಂದು, ಅವ್ವನಿಗೆ ಒಂದು ಕಟ್ಟು ಎಲೆ ಕಟ್ಟಿ ಕಳಿಸಿದರು. ಅವ್ವ ಎಲೆ ಹಾಕಿಕೊಳ್ಳುತ್ತ ನನಗೆ ಸರಿಯಾಗಿ ಚುಚ್ಚಿದಳು. ಹೋದ ವರ್ಷ ಹತ್ತಿಮತ್ತೂರಿನಿಂದ ನನ್ನನ್ನು ನೋಡಲು ಬಂದವರ ಮುಂದೆ, ರೊಟ್ಟಿ ಸುಡುತ್ತೇನೆ, ಜಗಳಾಡುತ್ತೇನೆ ಎಂದು ನಾನೇ ಹೇಳಿಕೊಂಡಿದ್ದು ನಿಮಗೆ ಗೊತ್ತೇ ಇದೆ. "ಅವತ್ತ ನಿನ್ನ ಐಬು ಹೇಳಿದಿ, ಇವತ್ತ ನಾಯಿ ಐಬು ಹೇಳಾಕತ್ತಿ. ಇಬ್ಬರೂ ಇಲ್ಲೇ ನನ್ನ ಎದಿ ಮ್ಯಾಲೆ ಉಳೀರಿ" ಅಂದಳು.

ಆಗ ಇದೆಲ್ಲ ನನ್ನ ಸತ್ಯವಂತಿಕೆ ಎಂದುಕೊಂಡಿದ್ದೆ. ಈಗ ಯೋಚಿಸಿದರೆ, ನನ್ನನ್ನು ಬಿಟ್ಟು ಯಾರ ಹತ್ತಿರವೂ ಹೋಗುವುದಿಲ್ಲ ಎಂಬ ಮಾತನ್ನು ನಾನು ಐಬುಗಳ ಸಾಲಿನಲ್ಲಿ ಹೇಳುತ್ತಿದ್ದರೂ ಹೇಳುವಾಗ ನನ್ನ ದನಿ ಬೇರೆಯೇ ಆಗುತ್ತಿತ್ತು. ಕೇಳಿದವರು ಒಲ್ಲೆ ಎಂದಾಗ ವಾಪಸು ಬರುವ ಬಸ್ಸಿನಲ್ಲಿ ನನಗೆ ದುಃಖವೇ ಆಗುತ್ತಿರಲಿಲ್ಲ.

ನೀವು ಹೋದ ಮೇಲೆ ಅವಳನ್ನು ಹೇಗೆ ನೋಡಿಕೊಂಡೆ ಎಂಬುದನ್ನೂ ಹೇಳಿಬಿಡುತ್ತೇನೆ. ಅವಳ ಮೂಲೆಗೆ ಗೋಣಿತಾಟನ್ನು ಪರದೆಯ ಹಾಗೆ ಇಳಿಬಿಟ್ಟೆ. ಓಣಿಯ ಹುಡುಗರನ್ನು ಹತ್ತಿರ ಬರಗೊಡಲಿಲ್ಲ. ಯಾರಾದರೂ ಬಂದರೆ ಅವಳಿಗೂ ಅವರಿಗೂ ನಡುವೆ ನಾನು ನಿಲ್ಲುತ್ತಿದ್ದೆ. ಆ ಗೋಣಿತಾಟಿನ ಒಳಗೆ ಕೂತು, ಎದುರಿಗೆ ಕೈ ಚಾಚಿ, ಅವಳ ಕಣ್ಣು ನೋಡುತ್ತ ಮಾತಾಡಿಸುತ್ತಿದ್ದೆ. ಎಪ್ಪತ್ತನೆಯ ದಿನ ನನ್ನ ಅಂಗೈಯಿಂದ ರೊಟ್ಟಿ ತಿಂದಳು. ಆ ದಿನ ನಾನು ಅತ್ತೆ. ಇಷ್ಟು ದೊಡ್ಡ ಕೆಲಸವನ್ನು ನಾನು ಜೀವಮಾನದಲ್ಲಿ ಮಾಡಿರಲಿಲ್ಲ.

ಅದಾದ ವಾರಕ್ಕೆ ಆಡೂರಿಗೆ ಹೋದದ್ದು. ಅಡಿವೆವ್ವನ ಹೆಸರು ಹೇಳಿದವರು ನೀವೇ. ಗಂಡನ ಜೊತೆ ಮೂವತ್ತು ವರ್ಷ ಕುರಿಗಳ ಹಿಂದೆ ತಿರುಗಿ, ಹಟ್ಟಿಯ ನಾಯಿಗಳನ್ನು ಮರಿಯಿಂದ ಬೆಳೆಸಿದಾಕೆ. ಗಂಡ ತೀರಿಕೊಂಡ ಮೇಲೆ ಕುರಿ ಮಾರಿ, ಈಗ ಎರಡು ಆಡು ಇಟ್ಟುಕೊಂಡು ಉಣ್ಣೆ ನೂಲುತ್ತ ಇರುತ್ತಾಳೆ. ಮೂಲಿಯನ್ನು ಕೋಳಿ ಬುಟ್ಟಿಯಲ್ಲಿ ಕೂರಿಸಿ, ಮೇಲೆ ಬಟ್ಟೆ ಕಟ್ಟಿ, ಹಾನಗಲ್ಲಿನಲ್ಲಿ ಬಸ್ಸು ಬದಲಿಸಿ ಹೋದೆ. ಎಲ್ಲ ಐಬುಗಳನ್ನೂ ಬಿಡದೆ ಹೇಳಿದೆ. ಆಕೆ ಕದಿರು ತಿರುಗಿಸುತ್ತ ಕೇಳಿದಳು. ಬುಟ್ಟಿಯ ಕಡೆ ನೋಡಲೇ ಇಲ್ಲ. ಮುಚ್ಚಳ ತೆಗೆದಿಡು ಅಂದಳು. ತೆಗೆದೆ. ಆಕೆ ಬುಟ್ಟಿಗೆ ಬೆನ್ನು ಮಾಡಿ ಕೂತು, ಒಂದು ಚೂರು ರೊಟ್ಟಿ ಹಿಂದಕ್ಕೆ ಇಟ್ಟು, ಮತ್ತೆ ನೂಲತೊಡಗಿದಳು.

ಎಪ್ಪತ್ತು ದಿನ ಎಂದು ನಾನು ಮನಸ್ಸಿನಲ್ಲೇ ಅಂದುಕೊಂಡೆ. ಕೂತಿರು ಮುದುಕಿ ಎಂದೂ ಅಂದುಕೊಂಡೆ.

ಕದಿರು ತುಂಬುವ ಮೊದಲೇ ಮೂಲಿ ತೆವಳಿಕೊಂಡು ಹೊರಗೆ ಬಂದಳು. ರೊಟ್ಟಿ ತಿಂದಳು. ತಿಂದು ಬುಟ್ಟಿಗೆ ಹೋಗಲಿಲ್ಲ. ಆ ಮುದುಕಿಯ ಬೆನ್ನಿಗೆ ಒಂದು ಗೇಣು ದೂರದಲ್ಲಿ ಮಲಗಿಬಿಟ್ಟಳು. ನಾನು ಎದುರಿಗೇ ಇದ್ದೆ, ಅಕ್ಕೋರೇ.

ಅಂಜಿದ ನಾಯಿಗೆ ಮೊದಲು ಬೆನ್ನು ತೋರಿಸಬೇಕು, ಮುಖವನ್ನು ಅದು ತನಗೆ ಬೇಕಾದಾಗ ಬಂದು ನೋಡುತ್ತದೆ ಎಂದು ಅಡಿವೆವ್ವ ಹೇಳಿದಳು. ನಾನು ಹೇಗೆ ಸಾಕಿದೆ ಎಂದು ಕೇಳಿದಳು. ಗೋಣಿತಾಟು, ಅಂಗೈ, ಕಾವಲು ಎಲ್ಲ ಹೇಳಿದೆ. ಸಾರಿಗೆ ಉಪ್ಪು ಕಡಿಮೆ ಎಂದು ಹೇಳುವಷ್ಟೇ ಸಾದಾ ದನಿಯಲ್ಲಿ ಅಂದಳು: "ನೀ ಇದರ ಅಂಜಿಕಿ ಸಾಕೀಯವಾ. ನಾಯಿ ಸಾಕಿಲ್ಲ."

ನನ್ನ ಮೈಯೆಲ್ಲ ಉರಿಯಿತು.

ಆಮೇಲೆ ಊಟದ ತಾಟು ಹಾಕಿದಳು. ರೊಟ್ಟಿ, ಪುಂಡಿಪಲ್ಯ, ಆಡಿನ ಹಾಲಿನ ಮಜ್ಜಿಗೆ. ಅವರ ಕುರಿ ಕಾಯುವ ಮಂದಿಯಲ್ಲಿ ಒಂದು ಪದ್ಧತಿ ಇದೆಯಂತೆ. ನಾಯಿ ಕೊಡುವವರು ಒಯ್ಯುವವರ ಮನೆಯಲ್ಲಿ ಉಂಡು ಹೋಗಬೇಕು, ಉಣ್ಣದೆ ಹೋದರೆ ಆ ನಾಯಿ ಆ ಮನೆಯಲ್ಲಿ ನಿಲ್ಲುವುದಿಲ್ಲ. ಅದನ್ನೂ ಹೇಳಿಯೇ ಬಡಿಸಿದಳು. ಮುಂಜಾನೆಯಿಂದ ನನ್ನ ಹೊಟ್ಟೆಗೆ ಏನೂ ಬಿದ್ದಿರಲಿಲ್ಲ. ಹಸಿವಿಲ್ಲ ಎಂದೆ. ನನಗೆ ಗೊತ್ತಿರುವ ಮಟ್ಟಿಗೆ ದೊಡ್ಡವಳಾದ ಮೇಲೆ ನಾನು ಹೇಳಿದ ಮೊದಲನೆಯ ಸುಳ್ಳು ಅದು. ಅಡಿವೆವ್ವ ತಾಟು ನೋಡಿದಳು, ನನ್ನನ್ನು ನೋಡಿದಳು. "ಉಣ್ಣಾಕ ಒಲ್ಲೆ ಅಂದ್ರ ಕೊಡಾಕ ಒಲ್ಲೆ ಅಂದಂಗ. ಒಯ್ಯವಾ" ಅಂದಳು. ಸಿಟ್ಟು ಮಾಡಲಿಲ್ಲ.

ಮೂಲಿ ಬುಟ್ಟಿಯೊಳಗೆ ಹೋಗಲು ಒಲ್ಲದೆ ಕಾಲು ಒತ್ತಿ ಹಿಡಿದಳು. ನಾನು ನೂಕಿ ಕೂರಿಸಿದೆ.

ಮರುದಿನ ನಿಮಗೆ ಕಾರ್ಡು ಬರೆದೆ. ಆಡೂರಿನ ಮುದುಕಿಗೆ ನಾಯಿ ಒಪ್ಪಿಗೆಯಾಗಲಿಲ್ಲ ಎಂದು ಒಂದೇ ಸಾಲು. ಕುರಿ ಕಾಯ್ದವರ ಮನಸ್ಸು ಗಟ್ಟಿ ಇರುತ್ತದೆ ಬಿಡು ಎಂದು ನೀವು ಉತ್ತರ ಬರೆದಿರಿ. ಆಕೆಯನ್ನು ಕಾಣದೆಯೇ ನೀವು ಹಾಗೆ ಅಂದದ್ದು ನನ್ನಿಂದ. ಅದನ್ನು ಓದಿಯೂ ಸುಮ್ಮನಿದ್ದೆ.

ಶ್ರಾವಣದಲ್ಲಿ ಕೊಂಡವಾಡ ಖಾಲಿ ಮಾಡಿ ಮೂಲಿಯನ್ನು ನಮ್ಮ ಮನೆಗೆ ತಂದೆ. ಒಂದೇ ಕೋಣೆ, ಪಕ್ಕದಲ್ಲಿ ಎಮ್ಮೆ. ದಸರೆಯವರೆಗೆ ಇರಲಿ ಎಂದಳು ಅವ್ವ. ಎಮ್ಮೆಯ ಗೂಟದ ಹತ್ತಿರ ಕಟ್ಟಿದೆ. ಗೋಣಿತಾಟು ಕಟ್ಟಲು ಅಲ್ಲಿ ಗೋಡೆಯೇ ಇರಲಿಲ್ಲ. ಹಗಲೆಲ್ಲ ಎಮ್ಮೆಯ ಹೊಟ್ಟೆಯ ಕೆಳಗೆ ಕೂತು ನಡುಗುತ್ತಿದ್ದಳು. ಮತ್ತೆ ನನ್ನ ಕೈಯ ರೊಟ್ಟಿ ಬಿಟ್ಟಳು. ಗಣಪತಿ ಕಳಿಸುವ ದಿನ ನಮ್ಮ ಓಣಿಯಲ್ಲಿ ಪಟಾಕಿ ಹಾರಿಸಿದರು. ಹಗ್ಗ ಹರಿಯಿತು, ಮೂಲಿ ಓಡಿದಳು.

ಒಂಬತ್ತು ದಿನ ಹುಡುಕಿದೆ. ಹತ್ತನೆಯ ದಿನ ಒಬ್ಬ ಗಾಡಿಯವ, ಬಂಕಾಪುರದ ರಸ್ತೆಯ ಕೆಳಗಿನ ಸಣ್ಣ ಮೋರಿಯಲ್ಲಿ ಯಾವುದೋ ನಾಯಿ ನರಳುತ್ತಿದೆ ಅಂದ. ಅವಳೇ. ಹಿಂಗಾಲು ಊದಿ ಮಡಚಿಕೊಂಡಿತ್ತು. ಕರೆದೆ, ಇನ್ನೂ ಒಳಗೆ ಸರಿದಳು. ರೊಟ್ಟಿ ಎಸೆದೆ. ಹೊಟ್ಟೆಯ ಮೇಲೆ ತೆವಳಿ ಒಳಗೆ ಹೋದೆ. ಯಾರಿಗೂ ಒಮ್ಮೆಯೂ ಹಲ್ಲು ತೋರಿಸದವಳು ನನಗೆ ತೋರಿಸಿದಳು. ನನ್ನ ಅಳು ಕೇಳಿ ಮಂದಿ ಕೂಡಿದರು, ಒಬ್ಬ ಕೋಲು ತಂದ. ಮಳೆ ಮೋಡ ಕಟ್ಟಿತ್ತು, ನೀರು ಬಂದರೆ ಮೋರಿ ತುಂಬುತ್ತಿತ್ತು. ಮಂದಿಯನ್ನು ಕೈಮುಗಿದು ಕಳಿಸಿ, ಬಸ್ಸು ಹತ್ತಿ ಆಡೂರಿಗೆ ಹೋದೆ.

ಅಡಿವೆವ್ವ ಕದಿರು ಕೆಳಗಿಟ್ಟು ಎದ್ದಳು. ಆಡುಗಳನ್ನು ಪಕ್ಕದ ಮನೆಗೆ ಒಪ್ಪಿಸಿ, ಉಣ್ಣೆಯನ್ನು ಅರಿವೆಯಲ್ಲಿ ಕಟ್ಟಿಕೊಂಡು ಬಂದಳು. ಮೋರಿಯ ಬಾಯಿಗೆ ಬೆನ್ನು ಮಾಡಿ ಕೂತಳು. ನನ್ನನ್ನು ದೂರದ ಬೇವಿನ ಮರದ ಹಿಂದೆ ಕಳಿಸಿದಳು. ನನ್ನ ಮುಖ ಕಂಡರೆ ನಾಯಿ ಬರುವುದಿಲ್ಲ ಎಂದು ಬಾಯಿಬಿಟ್ಟು ಹೇಳಲಿಲ್ಲ, ಅಷ್ಟೇ. ಅವತ್ತು ಹೊತ್ತು ಮುಳುಗುವವರೆಗೆ ಕೂತಳು, ಮರುದಿನ ಮತ್ತೆ ಬಂದು ಕೂತಳು. ಪುಣ್ಯಕ್ಕೆ ಮಳೆ ತಡೆಯಿತು. ಮಧ್ಯಾಹ್ನದ ಹೊತ್ತಿಗೆ ಮೂಲಿಯ ಮೂತಿ ಅಡಿವೆವ್ವನ ಸೆರಗಿನ ಹತ್ತಿರ ಕಂಡಿತು. ಆಕೆ ಆಗಲೂ ತಿರುಗಲಿಲ್ಲ. ಎಷ್ಟೋ ಹೊತ್ತಿನ ಮೇಲೆ ಕೈ ಹಿಂದಕ್ಕೆ ಇಟ್ಟಳು.

ದನದ ಡಾಕ್ಟರು ಕಾಲಿಗೆ ಪಟ್ಟಿ ಕಟ್ಟಿದ್ದಾರೆ. ಎಲುಬು ಕೂಡುತ್ತದೆ, ಆದರೆ ಸೊಟ್ಟ ಉಳಿಯುತ್ತದೆ ಎಂದರು. ಮೂಲಿ ಈಗ ಆಡೂರಿನಲ್ಲಿ ಇದ್ದಾಳೆ. ಆದರೆ ಇಟ್ಟುಕೊಳ್ಳುತ್ತೇನೆ ಎಂದು ಅಡಿವೆವ್ವ ಇನ್ನೂ ಹೇಳಿಲ್ಲ. "ನಾಯಿ ಆ ಬಾಯಾರದು. ಅವರ ಕಾಗದ ಬಂದ್ರ ಇಟ್ಕೋತೇನಿ. ನಿನ್ನ ಮಾತಿನ ಮ್ಯಾಲೆ ಒಲ್ಲೆ" ಅಂದಳು.

ಆದ್ದರಿಂದ ನಿಮ್ಮಲ್ಲಿ ಬೇಡುವುದು ಇಷ್ಟು. ಅಡಿವೆವ್ವನಿಗೆ ನಿಮ್ಮ ಕೈಯಿಂದ ಒಂದು ಕಾರ್ಡು ಬರೆಯಿರಿ. ಆಡೂರಿನ ಪೋಸ್ಟಿನವರು ಓದಿ ಹೇಳುತ್ತಾರೆ. ಬಂಗಲೆಯ ಕಾವಲುಗಾರ ಬಹಳ ಜೋರು, ಕೋಲು ಕುಟ್ಟುತ್ತ ಗಸ್ತು ತಿರುಗುತ್ತಾನೆ ಎಂದು ನೀವು ಹೊಗಳಿ ಬರೆದಿದ್ದೀರಿ. ಮೂಲಿಗೆ ಕೋಲಿನ ಸದ್ದು ಬೇಡ. ಆದರೂ ನಾಯಿ ನಿಮ್ಮದು, ಹೇಗೆ ತಿಳಿಯುತ್ತದೋ ಹಾಗೆ ಮಾಡಿರಿ.

ನನ್ನನ್ನು ಕ್ಷಮಿಸಿದೆ ಎಂದು ಮಾತ್ರ ಬರೆಯಬೇಡಿರಿ. ಆಷಾಢದಲ್ಲಿ ಆ ತಾಟಿನ ಮುಂದೆ ಕೂತು ಒಂದು ರೊಟ್ಟಿ ತಿಂದಿದ್ದರೆ ಅವಳಿಗೆ ಇವತ್ತು ನಾಲ್ಕು ನೆಟ್ಟನೆಯ ಕಾಲು ಇರುತ್ತಿದ್ದವು. ಇನ್ನು ಮೇಲೆ ಯಾರ ಮುಂದೆಯೂ ನನ್ನ ಬಾಯಲ್ಲಿ ಸುಳ್ಳಿಲ್ಲ ಎಂದು ಹೇಳಬೇಡಿರಿ.

ನಿಮ್ಮ ಕಾರ್ಡಿನ ದಾರಿ ನೋಡುತ್ತಿರುವ,
ಶಾರವ್ವ

ತಾ. ಕ.: ಲಕೋಟೆಗೆ ಅಂಟು ಹಚ್ಚಿದ್ದೆ, ಮತ್ತೆ ಬಿಚ್ಚಿ ಇದನ್ನು ಬರೆಯುತ್ತಿದ್ದೇನೆ. ಹಗ್ಗ ಹರಿಯಿತು ಎಂದು ಮೇಲೆ ಬರೆದಿದ್ದೇನೆ, ಅಡಿವೆವ್ವನಿಗೂ ಹಾಗೇ ಹೇಳಿದ್ದೇನೆ. ಹಗ್ಗ ಹರಿಯಲಿಲ್ಲ. ಪಟಾಕಿ ಶುರುವಾದಾಗ ನಾನೇ ಹೋಗಿ ಬಿಚ್ಚಿದೆ. ಅಂಜಿದಾಗಲಾದರೂ ನನ್ನ ಹತ್ತಿರ ಓಡಿ ಬರುತ್ತಾಳೆ, ಅದನ್ನು ಅವ್ವ ನೋಡಲಿ, ನಾನೂ ನೋಡಬೇಕು ಅನ್ನಿಸಿತ್ತು. ಬಾಗಿಲಲ್ಲಿ ಕೂತು ಎರಡೂ ಕೈ ಚಾಚಿ ಕರೆದೆ. ಆ ಕಡೆ ಪಟಾಕಿ, ಈ ಕಡೆ ನಾನು. ಮೂಲಿ ಎರಡೂ ಕಡೆ ನೋಡಿದಳು. ಪಟಾಕಿಯ ಕಡೆಗೇ ಓಡಿದಳು.