ಬುಲಾನ್‌ಗೆ ಈಜು ಬರುತ್ತಿರಲಿಲ್ಲ

ಇಲೊಯ್ಲೊ
ಮಾರ್ಚ್ ೯

ಪ್ರೀತಿಯ ಫೆಲಿಸಾ,

ನೀನೂ ಮಕ್ಕಳೂ ಆರೋಗ್ಯವಾಗಿದ್ದೀರೆಂದು ನಂಬಿದ್ದೇನೆ. ಮೂರು ವರ್ಷ ಬರೆಯದೆ ಇದ್ದದ್ದಕ್ಕೆ ಕಾರಣ ಕೊಡುವುದಿಲ್ಲ, ಕೊಟ್ಟರೆ ಸುಳ್ಳಾಗುತ್ತದೆ. ತಪ್ಪು ನನ್ನದು.

ಶನಿವಾರದ ಆಟ ಬೇಕರಿಯ ಮಹಡಿಯಲ್ಲೇ ನಡೆಯುತ್ತಿದೆ. ಆರು ವರ್ಷದ ಹಿಂದೆ ಶುರುಮಾಡಿದ ಅದೇ ಸಮುದ್ರಯಾನದ ಕಥೆ. ಒಬ್ಬೊಬ್ಬರೂ ತಮ್ಮ ತಮ್ಮ ಪಾತ್ರವಾಗಿ ಮಾತಾಡುತ್ತಾ ದಾಳ ಉರುಳಿಸುತ್ತಾರೆ; ಕಥೆ ನಡೆಸುವವಳು ಈಗಲೂ ನಾನೇ, ಎಲ್ಲರ ‘ಮನಾಂಗ್’, ಎಲ್ಲರ ಅಕ್ಕ. ಬಂದರಿನಲ್ಲಿ ದೋಣಿಯ ಟಿಕೆಟ್ ಕೊಡುವ ಅನ್ಸೆಲ್ಮೊ ನಿನಗೆ ನೆನಪಿರಬೇಕು. ಅವನ ಪಾತ್ರ ಬುಲಾನ್, ಹಡಗಿನ ಅಡುಗೆಯವ. ಕಡಲ್ಗಳ್ಳರು ಬೆನ್ನಟ್ಟುತ್ತಿದ್ದರೂ, ದಡದಲ್ಲಿ ಸಿಕ್ಕವರನ್ನು “ನಿಮ್ಮ ಹೆಸರೇನು? ಊಟ ಆಯ್ತಾ?” ಎಂದು ಕೇಳದೆ ಮುಂದೆ ಹೋಗುತ್ತಿರಲಿಲ್ಲ. ಆಗ ನಾನು ಬಾಯಿಗೆ ಬಂದ ಹೆಸರೊಂದನ್ನು ಅಲ್ಲೇ ಹುಟ್ಟಿಸಿ ಹೇಳಬೇಕು.

“ಬಂದ್ರಪ್ಪಾ ಜನಗಣತಿಯವ್ರು!” ಎಂದು ನಮ್ಮ ಜೊತೆ ಆಡುವ ರೊವೆನಾ ರೇಗಿಸುತ್ತಿದ್ದಳು. “ಆ ಏಡಿಗೂ ಒಂದ್ಮಾತು ಹೆಸರು ಕೇಳ್ಬಿಡಿ.”

“ಕೇಳ್ದೆ ಬೇಯಿಸ್ತೀನಾ?” ಎನ್ನುತ್ತಿದ್ದ ಅವನು.

ಎಲ್ಲರೂ ನಗುತ್ತಿದ್ದರು. ನನ್ನ ಲೆಕ್ಕದಲ್ಲಿ ಅದು ಆಟವಲ್ಲ, ಕಾಲಹರಣ.

ಜನವರಿಯಲ್ಲಿ ಅವನಿಗೆ ಹರ್ನಿಯಾ ಆಪರೇಷನ್ ಆಯಿತು. ಮೂರು ಶನಿವಾರ ಬರಲಿಲ್ಲ. ಬಾರದವರ ಪಾತ್ರ ಹಡಗಿನ ಕೆಳ ಅಂತಸ್ತಿನಲ್ಲಿ ಮಲಗಿರಬೇಕೆಂಬುದು ನಮ್ಮ ನಿಯಮ. ನಾನು ಆ ನಿಯಮ ಮುರಿದು ಬುಲಾನ್‌ನನ್ನು ಎಬ್ಬಿಸಿದೆ. ನನ್ನ ಬಾಯಲ್ಲಿ ಅವನು ಧೀರನಾದ, ಯಾರ ಹೆಸರನ್ನೂ ಕೇಳಲಿಲ್ಲ. ಮೂರನೆಯ ವಾರ ಶತ್ರುಗಳ ಲಂಗರಿನ ಹಗ್ಗ ಕಡಿಯಲು ಸಮುದ್ರಕ್ಕೆ ಹಾರಿ ಸತ್ತ. ಅಂದವಾದ ಕೊನೆ ಎಂದುಕೊಂಡೆ.

ಅನ್ಸೆಲ್ಮೊ ಮರಳಿ ಬಂದಾಗ ಆ ಮೂರು ವಾರದ ಕಥೆಯನ್ನು ನಾನೇ ಓದಿ ಹೇಳಿದೆ.

“ಹಾರಿದ್ನಾ?” ಎಂದ. “ಮನಾಂಗ್, ಬುಲಾನ್‌ಗೆ ಈಜೇ ಬರಲ್ವಲ್ಲ.”

“ಅದಕ್ಕೇ ಅದು ತ್ಯಾಗ.”

“ಅವ್ನು ಹಾರ್ತಿರ್ಲಿಲ್ಲ. ಹೆದ್ರಿಕೊಂಡು ಮೂಲೇಲಿ ಕೂತಿದ್ದು, ಎಲ್ಲಾ ಮುಗಿದ್ಮೇಲೆ ಅನ್ನಕ್ಕಿಡ್ತಿದ್ದ. ಆರು ವರ್ಷದಿಂದ ನೋಡಿದೀರಲ್ಲ.” ಕುರ್ಚಿ ಹಿಂದಕ್ಕೆ ಸರಿಸಿ, “ಚೆನ್ನಾಗಿ ಹೇಳಿದ್ರಿ. ಆದ್ರೆ ಅದು ನಿಮ್ಮ ಬುಲಾನ್” ಎಂದ.

ತನ್ನ ಟಿಪ್ಪಣಿ ಪುಸ್ತಕವನ್ನು ಮೇಜಿನ ಮೇಲೇ ಬಿಟ್ಟು ಎದ್ದು ಹೋದ. ಆಮೇಲೆ ಬಂದಿಲ್ಲ.

“ನಾವ್ಯಾಕೆ ಬೇಕು ಮನಾಂಗ್?” ಎಂದು ಅವತ್ತೇ ಕೇಳಿದಳು ರೊವೆನಾ. “ಎಲ್ಲರ ಪಾತ್ರಾನೂ ನೀವೇ ಆಡ್ಬೋದಲ್ಲ.”

ನಾಳೆ ಬಂದರಿಗೆ ಹೋಗಿ ಪುಸ್ತಕ ಹಿಂತಿರುಗಿಸುತ್ತೇನೆ. ಬುಲಾನ್ ಆ ಮೂರು ವಾರವೂ ಕೆಳಗೆ ಮಲಗಿಯೇ ಇದ್ದನೆಂದು ಹೇಳುತ್ತೇನೆ. ಒಪ್ಪುತ್ತಾನೋ ಇಲ್ಲವೋ ತಿಳಿಯದು.

ಮಕ್ಕಳಿಗೆ ನನ್ನ ಆಶೀರ್ವಾದ. ದೇವರು ನಿಮ್ಮ ಮನೆಯನ್ನು ಕಾಯಲಿ.

ನಿನ್ನ ಅಕ್ಕ,
ಎಮೆರಿತಾ

ತಾ.ಕ.: ಪುಸ್ತಕವನ್ನು ತೆರೆದು ನೋಡಿದೆ, ನೋಡಬಾರದಿತ್ತು. ನಾನು ಹುಟ್ಟಿಸಿ ಮರೆತ ಇನ್ನೂರ ಹನ್ನೆರಡು ಜನರ ಹೆಸರುಗಳಿವೆ, ಯಾರು ಏನು ಉಂಡರೆಂಬುದೂ ಇದೆ. ಮೊದಲ ಪುಟದಲ್ಲಿ ಹಡಗಿನವರು. ಅಲ್ಲಿ ನಿನ್ನ ಪಾತ್ರ ಸಿನಾಂಗ್ ಕೂಡ ಇದ್ದಾಳೆ. “ಇದು ಆಟ, ಅಳೋ ಜಾಗ ಅಲ್ಲ” ಎಂದು ಮೂರು ವರ್ಷದ ಹಿಂದೆ ನಾನು ಎಲ್ಲರ ಎದುರು ಹೇಳಿ, ನೀನು ಎದ್ದು ಹೋದೆಯಲ್ಲ, ಅಂದು ಸಿನಾಂಗ್ ಯಾವುದೋ ಬಂದರಿನಲ್ಲಿ ಇಳಿದುಹೋದಳೆಂದು ಕಥೆ ಮುಂದುವರಿಸಿದ್ದೆ. ಅನ್ಸೆಲ್ಮೊ ಅವಳ ಹೆಸರು ಹೊಡೆದುಹಾಕಿಲ್ಲ. ಪಕ್ಕದಲ್ಲಿ ಬರೆದಿದ್ದಾನೆ: “ಯಾವ ಬಂದರೆಂದು ಮನಾಂಗ್ ಹೇಳಲಿಲ್ಲ. ಅವಳ ಪಾಲಿನ ಅನ್ನ ತೆಗೆದಿಡಬೇಕು.”

ಯಾವ ಬಂದರೆಂದು ನನಗೂ ಗೊತ್ತಿಲ್ಲ ಫೆಲಿಸಾ. ಹೇಳಬೇಕಾದವಳು ನೀನು.